ಪೋಸ್ಟರ್‌ನಲ್ಲಿ ಮುಖ ಬೇಡ ಅಂದ ನಮ್ಮ ಹೀರೋ

ನಮ್ಮ ಸಂಘದ ಕಿರುಚಿತ್ರ ‘ರಾತ್ರಿ ಬಸ್ಸು’ ಇನ್ನೂ ಎಡಿಟಿಂಗ್‌ನಲ್ಲೇ ಇದೆ. ಅದರ ಪೋಸ್ಟರ್ ಬಗ್ಗೆ ನಡೆದ ಜಗಳ ಮಾತ್ರ ಆಗಲೇ ರಿಲೀಸ್ ಆಗಿ ಮೂರು ವಾರ ಓಡಿದೆ. ವಾಟ್ಸಾಪ್ ಗ್ರೂಪಿನಲ್ಲಿ ಓಡಿದ್ದು ಸಾಲದು ಅಂತ ಲೈಬ್ರರಿಯ ಸ್ಟಡಿ ರೂಮ್ ಬುಕ್ ಮಾಡಿ, ಎದುರುಬದುರು ಕೂತು, ಪಕ್ಕದ ರೂಮಿನವರು ಗೋಡೆ ಬಡಿಯುವ ತನಕ ಜಗಳ ಆಡಿದ್ದೀವಿ. ಈ ವರ್ಷದ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ, ಬೇರೆ ಏನು ಬರೆದರೂ ಸುಳ್ಳಾಗುತ್ತೆ ಅನ್ನಿಸಿತು. ಹಾಗಾಗಿ ಸಿನಿಮಾ ತಂಡದ ಏಳು ಜನ ಸೇರಿ ಇದನ್ನು ಬರೀತಿದ್ದೀವಿ. ಏಳರಲ್ಲಿ ಇಬ್ಬರಿಗೆ ಇಲ್ಲಿನ ಕೆಲವು ಮಾತು ಒಪ್ಪಿಗೆ ಇಲ್ಲ. ಆದರೂ ‘ನಾವು’ ಅಂತಲೇ ಹಾಕಿ ಪರವಾಗಿಲ್ಲ ಅಂದಿದ್ದಾರೆ, ದೊಡ್ಡ ಮನಸ್ಸು.

ಕಥೆ ಎರಡು ಸಾಲಿನದು. ಹಾಸನದ ಕಡೆಯಿಂದ ಬಂದ ಒಬ್ಬ ಹುಡುಗ. ಹಗಲು ಕ್ಲಾಸು, ರಾತ್ರಿ ಎಟೋಬಿಕೋ ಕಡೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಸಬ್‌ವೇ ನಿಂತ ಮೇಲೆ ಓಡುವ ಬ್ಲೂ ನೈಟ್ ಬಸ್ಸು ಹತ್ತಿ ಸ್ಕಾರ್ಬರೋದ ಬೇಸ್‌ಮೆಂಟಿಗೆ ವಾಪಸ್ ಬರ್ತಾನೆ. ಬಸ್ಸಿನಲ್ಲಿ ಕೂತು ಊರಿಗೆ ಫೋನ್ ಮಾಡ್ತಾನೆ. ಚಳಿಗಾಲದಲ್ಲಿ ಇಲ್ಲಿಗೂ ಅಲ್ಲಿಗೂ ಹತ್ತೂವರೆ ಗಂಟೆ ಅಂತರ. ಇಲ್ಲಿ ರಾತ್ರಿ 2 ಆದರೆ ಅಲ್ಲಿ ಮಧ್ಯಾಹ್ನ 12:30. ಅಮ್ಮ ಕೇಳೋದು ಒಂದೇ ಪ್ರಶ್ನೆ: ‘ಊಟ ಆಯ್ತಾ?’ ಅಮ್ಮನ ಗಡಿಯಾರಕ್ಕೆ ಅದು ಸರಿಯಾದ ಪ್ರಶ್ನೆ. ಅವನು ‘ಆಯ್ತು’ ಅಂತಾನೆ. ಹದಿನಾಲ್ಕು ನಿಮಿಷದ ಸಿನಿಮಾದಲ್ಲಿ ಇದಕ್ಕಿಂತ ಹೆಚ್ಚೇನೂ ನಡೆಯಲ್ಲ. ನಡೀಬೇಕಾಗಿಲ್ಲ ಅಂತ ನಮ್ಮ ಅಭಿಪ್ರಾಯ.

ಶೂಟಿಂಗ್ ಮುಗಿಸಿ, ಜನವರಿಯಲ್ಲಿ ‘ಸರಿ, ಪೋಸ್ಟರ್ ಮಾಡೋಣ’ ಅಂತ ಕೂತಾಗ ಮೊದಲು ಬಂದ ಐಡಿಯಾ ಯಾವುದು ಅಂತ ನೀವೇ ಊಹಿಸಬಹುದು. ಹಿಂದೆ ಸಿಎನ್ ಟವರ್. ಒಂದು ಕಡೆ ಮೇಪಲ್ ಎಲೆ, ಇನ್ನೊಂದು ಕಡೆ ಹಳದಿ-ಕೆಂಪು ಬಾವುಟ. ಮಧ್ಯದಲ್ಲಿ ಕೈ ಕಟ್ಟಿ ನಿಂತ ಹೀರೋ, ಜಾಕೆಟ್ ಜಿಪ್ ಬಿಚ್ಚಿ, ಮುಖದಲ್ಲಿ ನಗು. ‘ಸ್ಪಾನ್ಸರ್ ಅಂಕಲ್‌ಗಳಿಗೆ ಹಿಡಿಸುತ್ತೆ’ ಅನ್ನೋದು ವಾದ. ಹಿಡಿಸುತ್ತೆ, ನಿಜ. ಆದರೆ ಸಿನಿಮಾದ ಒಂದೇ ಒಂದು ಫ್ರೇಮಿನಲ್ಲೂ ಸಿಎನ್ ಟವರ್ ಇಲ್ಲ. ಹೀರೋ ನಗೋದೂ ಇಲ್ಲ. ಮೈನಸ್ ಹನ್ನೆರಡರಲ್ಲಿ ಜಾಕೆಟ್ ಜಿಪ್ ಬಿಚ್ಚಿ ನಿಲ್ಲುವವನು ಟೊರೊಂಟೊದವನಲ್ಲ, ಏರ್‌ಪೋರ್ಟಿಂದ ಈಗ ತಾನೇ ಇಳಿದವನು.

ಇದು ನಮ್ಮ ಕನ್ನಡ ಸಿನಿಮಾದಿಂದ ಬಂದ ಅಭ್ಯಾಸ ಅಂತಲೂ ಹೇಳಬೇಕು. ಎಪ್ಪತ್ತರ ದಶಕದಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ಕ್ಕೆ ಹೊರದೇಶಕ್ಕೆ ಹೋದಾಗ ಊರಿನ ಹೆಸರು ಟೈಟಲ್ಲಿಗೇ ಏರಿತು. ಯಾಕೆಂದರೆ ಊರು ತೋರಿಸೋದೇ ಆಕರ್ಷಣೆ. 1997ರ ‘ಅಮೆರಿಕ ಅಮೆರಿಕ’ದಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಅಲ್ಲಿ ನೆಲೆ ನಿಂತವರ ಮನಸ್ಸಿನ ಕಥೆ ಹೇಳಿದರು, ಆದರೂ ನೋಡಿ ಬಂದ ನಮ್ಮ ಅಪ್ಪ ಅಮ್ಮಂದಿರ ನೆನಪಿನಲ್ಲಿ ಉಳಿದದ್ದು ದೊಡ್ಡ ರಸ್ತೆ, ದೊಡ್ಡ ಕಾರು. ಅದು ಅವರ ಕಾಲ. ಹೊರದೇಶ ಅಂದ್ರೆ ಪರದೆ ಮೇಲೆ ಮಾತ್ರ ನೋಡುವ ಕಾಲ. ಈಗ ಹಾಸನದ ಹುಡುಗನ ಮನೆಯವರು ದಿನಾ ವಿಡಿಯೋ ಕಾಲಿನಲ್ಲಿ ಸ್ಕಾರ್ಬರೋದ ಅಡುಗೆಮನೆ ನೋಡ್ತಾರೆ. ಅವರಿಗೆ ಸಿಎನ್ ಟವರ್ ತೋರಿಸಿ ಏನಾಗಬೇಕು?

ಇನ್ನೊಂದು ತಮಾಷೆ. ಈ ಊರು ಸಿನಿಮಾಗಳಲ್ಲಿ ತಾನಾಗಿ ಕಾಣಿಸಿಕೊಳ್ಳುವುದೇ ಅಪರೂಪ. ‘ಚಿಕಾಗೊ’ ಹೆಸರಿನ 2002ರ ಸಿನಿಮಾವನ್ನು ಚಿತ್ರಿಸಿದ್ದು ಟೊರೊಂಟೊದಲ್ಲಿ. ‘ಅಮೆರಿಕನ್ ಸೈಕೋ’ದ ನ್ಯೂಯಾರ್ಕ್ ಬಹುಪಾಲು ಇದೇ ಊರು. ‘ಸೂಟ್ಸ್’ ಸೀರಿಯಲ್ಲಿನ ನ್ಯೂಯಾರ್ಕೂ ಇದೇ. ಬಾಡಿಗೆ ವೇಷ ಹಾಕಿಕೊಂಡೇ ಬದುಕಿರುವ ಊರನ್ನು ನಾವಾದರೂ ಅದರ ಸ್ವಂತ ಬಟ್ಟೆಯಲ್ಲಿ ತೋರಿಸಬಾರದಾ? ಅದಕ್ಕೆ ಟವರ್ ಬೇಕಿಲ್ಲ. ಉಪ್ಪು ಮೆತ್ತಿದ ಬೂಟು ಸಾಕು, ಬಸ್ ಶೆಲ್ಟರಿನ ಗಾಜಿನ ಮೇಲೆ ಕಟ್ಟಿದ ಮಂಜು ಸಾಕು.

ಈ ಊರಿನದೇ ಒಂದು ಉದಾಹರಣೆ ನಮ್ಮ ಬೆನ್ನಿಗಿತ್ತು. ಡೇವಿಡ್ ಸೆಕ್ಟರ್ ಅನ್ನುವ ಟೊರೊಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ 1965ರಲ್ಲಿ ‘ವಿಂಟರ್ ಕೆಪ್ಟ್ ಅಸ್ ವಾರ್ಮ್’ ಅಂತ ಕಪ್ಪು-ಬಿಳುಪು ಸಿನಿಮಾ ಮಾಡಿದ. ವಿದ್ಯಾರ್ಥಿಗಳೇ ನಟರು, ವಿದ್ಯಾರ್ಥಿಗಳೇ ತಂತ್ರಜ್ಞರು, ಕ್ಯಾಂಪಸ್ಸೇ ಸೆಟ್ಟು. ಹಾಸ್ಟೆಲಿನ ಇಬ್ಬರು ಹುಡುಗರ ನಡುವೆ ಬೆಳೆಯುವ, ಹೆಸರಿಡಲಾಗದ ಒಂದು ಪ್ರೀತಿಯ ಕಥೆ; ಆ ಕಾಲಕ್ಕೆ ಸಣ್ಣ ಧೈರ್ಯ ಅಲ್ಲ. 1966ರಲ್ಲಿ ಅದು ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್ ವಿಭಾಗಕ್ಕೆ ಹೋಯ್ತು. ಅದನ್ನು ನೋಡಿ, ‘ಓ, ನಮ್ಮ ಪಕ್ಕದ ಹುಡುಗರೂ ಸಿನಿಮಾ ಮಾಡಬಹುದು’ ಅಂತ ಕ್ಯಾಮೆರಾ ಹಿಡಿದವರಲ್ಲಿ ಅದೇ ವಿಶ್ವವಿದ್ಯಾಲಯದ ಡೇವಿಡ್ ಕ್ರೋನೆನ್‌ಬರ್ಗ್ ಒಬ್ಬರು. ಅರವತ್ತು ವರ್ಷದ ಹಿಂದೆ ಅವರು ತೋರಿಸಿದ್ದು ಹಿಮ, ಕಾರಿಡಾರು, ಕೆಫೆಟೇರಿಯ. ಆಗ ಸಿಎನ್ ಟವರ್ ಕಟ್ಟಿರಲೂ ಇಲ್ಲ ಬಿಡಿ.

ಹಾಗಾದರೆ ಪೋಸ್ಟರಿಗೆ ಏನು ಹಾಕೋದು? ಸಿನಿಮಾದಿಂದಲೇ ಒಂದು ಒಳ್ಳೆ ಫ್ರೇಮ್ ಕಿತ್ತು ಹಾಕಿಬಿಡೋಣ ಅಂದ್ವಿ. ಇಲ್ಲೇ ನಮ್ಮ ಅತಿ ದೊಡ್ಡ ದಡ್ಡತನ ಬಯಲಾದದ್ದು, ಮುಂದೆ ಸಿನಿಮಾ ಮಾಡುವ ಜೂನಿಯರ್‌ಗಳು ಇದೊಂದನ್ನು ಗಮನ ಇಟ್ಟು ಓದಿ. ನಾವು ಚಿತ್ರೀಕರಿಸಿದ್ದು 4ಕೆ. ಅಂದ್ರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಕೇಳೋಕೆ ದೊಡ್ಡದು. ಆದರೆ ಪೋಸ್ಟರ್ ನಿಂತ ಆಕಾರದ್ದು, 24ಕ್ಕೆ 36 ಇಂಚು. ಮಲಗಿದ ಫ್ರೇಮಿನಿಂದ ನಿಂತ ಚಿತ್ರ ಕತ್ತರಿಸಿದರೆ ಉಳಿಯೋದು 1440ಕ್ಕೆ 2160. ಅದನ್ನು 36 ಇಂಚು ಎತ್ತರಕ್ಕೆ ಎಳೆದರೆ ಇಂಚಿಗೆ 60 ಚುಕ್ಕಿ. ಚೆನ್ನಾಗಿ ಪ್ರಿಂಟ್ ಆಗಬೇಕಾದರೆ ಇಂಚಿಗೆ 300 ಅಂತಾರೆ, ದೂರದಿಂದ ನೋಡುವ ಪೋಸ್ಟರಿಗೆ 150 ಆದರೂ ಬೇಕು. ಜೊತೆಗೆ, ಸೆಕೆಂಡಿಗೆ 24 ಫ್ರೇಮಿನ ವಿಡಿಯೋದಲ್ಲಿ ಪ್ರತಿ ಫ್ರೇಮ್ ಸಾಮಾನ್ಯವಾಗಿ 1/48 ಸೆಕೆಂಡ್ ತೆರೆದಿರುತ್ತೆ. ಓಡಾಡುವ ಮನುಷ್ಯ ಸಿನಿಮಾದಲ್ಲಿ ಚೆಂದ ಕಾಣ್ತಾನೆ, ನಿಲ್ಲಿಸಿದರೆ ಮಸುಕು. ನಮ್ಮ ಹೀರೋ ಬಸ್ಸಿನ ಕಡೆ ತಿರುಗುವ ಆ ಶಾಟ್ ಇದೆಯಲ್ಲ, ತಂಡದವರೆಲ್ಲ ಚಪ್ಪಾಳೆ ತಟ್ಟಿದ ಶಾಟ್, ಅದನ್ನು ನಿಲ್ಲಿಸಿ ನೋಡಿದರೆ ಅವನಿಗೆ ಎರಡು ಮೂಗು.

ಶೂಟಿಂಗ್ ದಿನಗಳಲ್ಲಿ ಒಬ್ಬರ ಕೈಗೆ ಬರೀ ಫೋಟೋ ತೆಗೆಯುವ ಕ್ಯಾಮೆರಾ ಕೊಟ್ಟು ನಿಲ್ಲಿಸಿದ್ದರೆ ಈ ತೊಂದರೆ ಇರ್ತಿರಲಿಲ್ಲ. ಫೋಟೋಗ್ರಫಿ ಕ್ಲಬ್ಬಿನ ಹುಡುಗಿಯೊಬ್ಬಳು ‘ನಾನು ಬರ್ಲಾ?’ ಅಂತ ಕೇಳಿದ್ದಳು ಕೂಡ. ‘ಈಗ ಬೇಡ, ಪ್ರಮೋಷನ್ ಟೈಮಲ್ಲಿ ಹೇಳ್ತೀವಿ’ ಅಂದ್ವಿ. ಪ್ರಮೋಷನ್ ಶೂಟಿಂಗ್ ಶುರುವಾದ ಮೇಲೆ ಶುರು ಆಗುವ ಕೆಲಸ ಅಲ್ಲ, ಶೂಟಿಂಗ್ ಜೊತೆಗೇ ಆಗುವ ಕೆಲಸ ಅಂತ ನಮಗೆ ಗೊತ್ತಿರಲಿಲ್ಲ. ಆಕೆಗೆ ಈ ಮೂಲಕ ಕ್ಷಮೆ ಕೇಳ್ತೀವಿ.

ಆದ್ದರಿಂದ ಒಂದು ಶನಿವಾರ ಪೋಸ್ಟರ್ ಫೋಟೋ ಮತ್ತು ಟ್ರೈಲರ್‌ಗೆ ಬೇಕಾದ ಎರಡು ಮೂರು ಶಾಟ್ ಒಟ್ಟಿಗೆ ಮುಗಿಸೋಣ ಅಂತ ಪ್ಲಾನ್ ಹಾಕಿದೆವು. ಟ್ರೈಲರ್‌ಗೆ ಅಂತಲೇ ಬೇರೆ ಶೂಟ್ ಮಾಡಬೇಕಾ ಅನ್ನೋದು ಎರಡನೇ ಜಗಳ. ಈಗ ಬೆಂಗಳೂರಿನಲ್ಲಿ ದೊಡ್ಡ ಸಿನಿಮಾಗಳು ಮುಹೂರ್ತಕ್ಕೆ ಮುಂಚೆಯೇ ಟೈಟಲ್ ಟೀಸರ್ ಅಂತ ಒಂದು ಪ್ರತ್ಯೇಕ ತುಣುಕು ಮಾಡಿ ಬಿಡ್ತಾರೆ. ಹೀರೋ ನಡೆದು ಬರ್ತಾನೆ, ಮಳೆ, ಬೆಂಕಿ, ಹಿನ್ನೆಲೆ ಸಂಗೀತ. ನಮ್ಮಲ್ಲೂ ಇಬ್ಬರಿಗೆ ಆ ಆಸೆ: ಹಿಮದಲ್ಲಿ ನಿಧಾನಕ್ಕೆ ನಡೆದು ಬರುವ ಹೀರೋ, ಮೇಲಿಂದ ಡ್ರೋನ್. ಡ್ರೋನಿನ ಮಾತು ಬೇಗ ಮುಗಿಯಿತು. 250 ಗ್ರಾಂ ಅಥವಾ ಹೆಚ್ಚು ತೂಕದ್ದಾದರೆ ಟ್ರಾನ್ಸ್‌ಪೋರ್ಟ್ ಕೆನಡಾದಲ್ಲಿ ನೋಂದಣಿ ಬೇಕು, ಹಾರಿಸುವವರಿಗೆ ಪ್ರಮಾಣಪತ್ರ ಬೇಕು, ನಗರದ ಪಾರ್ಕುಗಳಲ್ಲಂತೂ ಅನುಮತಿ ಇಲ್ಲದೆ ಹಾರಿಸೋ ಹಾಗೇ ಇಲ್ಲ. ಬಸ್ಸಿನೊಳಗೆ ಚಿತ್ರೀಕರಿಸಲು ಟಿಟಿಸಿಯ ಅನುಮತಿ, ನಗರದ ರಸ್ತೆಯಲ್ಲಾದರೆ ನಗರದ ಚಿತ್ರೀಕರಣ ಕಚೇರಿಯ ಅನುಮತಿ, ಜೊತೆಗೆ ವಿಮೆ. ಇದನ್ನು ಸಿನಿಮಾ ಶೂಟಿಂಗ್ ಹೊತ್ತಿಗೇ ಕಲಿತಿದ್ದೆವು. ನಮ್ಮ ಬಸ್ಸಿನ ಒಳಭಾಗ ನಿಜವಾಗಿ ಒಬ್ಬ ಗೆಳೆಯನ ಗ್ಯಾರೇಜು, ಎರಡು ಸೀಟು, ಒಂದು ನೀಲಿ ಬಲ್ಬು. ಕಿಟಕಿಯಾಚೆ ಓಡುವ ದೀಪಗಳು ಇಬ್ಬರು ಟಾರ್ಚ್ ಹಿಡಿದು ಓಡಿದ್ದು.

ಉಳಿದದ್ದು ನಿಧಾನ ನಡಿಗೆ. ನಮ್ಮ ಅಭಿಪ್ರಾಯದಲ್ಲಿ ಸಿನಿಮಾದಲ್ಲಿಲ್ಲದ ನಡಿಗೆಯನ್ನು ಟ್ರೈಲರ್‌ನಲ್ಲಿ ಇಡೋದು ಮೋಸ. ದೊಡ್ಡವರು ಮಾಡಿದರೆ ವ್ಯಾಪಾರ ಅನ್ನಬಹುದು, ಟಿಕೆಟ್ ಕೊಂಡವನು ಬೈದು ಸುಮ್ಮನಾಗ್ತಾನೆ. ನಮ್ಮ ಸಿನಿಮಾ ನೋಡೋಕೆ ಬರುವವರು ನಮ್ಮ ಕ್ಲಾಸ್‌ಮೇಟುಗಳು, ಅವರ ಅಪ್ಪ ಅಮ್ಮ, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಮಾಡಿಕೊಟ್ಟ ಆಂಟಿಯರು. ಅವರಿಗೆ ಆಕ್ಷನ್ ತೋರಿಸಿ ಕರೆಸಿ, ಒಳಗೆ ಕೂರಿಸಿ ಗೋದಾಮು ತೋರಿಸಿದರೆ ಮುಂದಿನ ವರ್ಷ ಬಿಸಿಬೇಳೆಬಾತ್ ಸಿಗಲ್ಲ. ಚಿದಾನಂದ ನಾಯ್ಕ್ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿ ಮಾಡಿದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರ ವಿಭಾಗದಲ್ಲಿ ಮೊದಲ ಬಹುಮಾನ ತಗೊಂಡಿತು. ಹದಿನಾರು ನಿಮಿಷ, ನಾಲ್ಕು ದಿನದ ಶೂಟಿಂಗ್, ಊರಿನ ಹುಂಜ ಕದ್ದ ಅಜ್ಜಿಯ ಕಥೆ. ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯವರೇ ನಟಿಸಿದರು, ಲೊಕಾರ್ನೋದಲ್ಲಿ ಗೆದ್ದರು. ಅಜ್ಜಿ-ಹುಂಜ ಅಂತಲೇ, ತಾತ-ತಿಥಿ ಅಂತಲೇ ಕರೆದರೂ ಜನ ಬಂದರು.

ಕಡೆಗೆ ಒಪ್ಪಿದ್ದು ಹೀಗೆ: ಟ್ರೈಲರ್ ಐವತ್ತು ಸೆಕೆಂಡ್ ಮೀರಬಾರದು, ಇರೋ ದೃಶ್ಯಗಳಿಂದಲೇ ಕತ್ತರಿಸಬೇಕು, ಹೊಸದಾಗಿ ತೆಗೆಯೋದು ಹೊರಗಿನ ಎರಡು ಶಾಟ್ ಮಾತ್ರ. ಅಮ್ಮನ ‘ಊಟ ಆಯ್ತಾ?’ ಒಂದೇ ಮಾತು, ಕಡೆಗೆ. ಸಂಗೀತಕ್ಕೆ ಹಂಸಲೇಖ ಅವರ ಹಾಡು ಹಾಕೋಣ ಅಂತ ಒಬ್ಬ ಹಟ ಹಿಡಿದ. ಹಾಕಬಹುದು, ಆದರೆ ಹಕ್ಕು ಬೇರೆಯವರದ್ದು. ಯೂಟ್ಯೂಬಿಗೆ ಏರಿಸಿದ ಗಳಿಗೆಯಲ್ಲೇ ಅದರ ಯಂತ್ರ ಹಾಡನ್ನು ಗುರುತು ಹಿಡಿಯುತ್ತೆ, ಧ್ವನಿ ಹೋದ ಟ್ರೈಲರ್ ಉಳಿಯುತ್ತೆ. ನಮ್ಮಲ್ಲೇ ಮೃದಂಗ ಕಲಿತವಳೊಬ್ಬಳಿದ್ದಾಳೆ. ಅವಳು ಬಸ್ ಸೀಟಿನ ಕಬ್ಬಿಣದ ಮೇಲೆ ಬೆರಳಿನಿಂದ ಬಾರಿಸಿ ರೆಕಾರ್ಡ್ ಮಾಡಿಕೊಟ್ಟದ್ದು ಹಂಸಲೇಖ ಅಲ್ಲ, ಆದರೆ ನಮ್ಮದು.

ಅಕ್ಷರದ ವಿಷಯಕ್ಕೆ ಬರ್ತೀವಿ. ಟೈಟಲ್ ಕನ್ನಡದಲ್ಲಿ ದೊಡ್ಡದಾಗಿ ಇರಬೇಕಾ, ಇಂಗ್ಲಿಷ್ ಲಿಪಿಯಲ್ಲಾ? ಇಲ್ಲೇ ಹುಟ್ಟಿ ಬೆಳೆದವರು ಇಂಗ್ಲಿಷ್ ಕೇಳ್ತಾರೆ, ಬೆಂಗಳೂರಿಂದ ಬಂದವರು ಕನ್ನಡ ಕೇಳ್ತಾರೆ ಅಂದುಕೊಂಡಿದ್ದೆವು. ಆಗಿದ್ದು ಉಲ್ಟಾ. ಬೆಂಗಳೂರಿನಿಂದ ಬಂದ ಇಬ್ಬರು, ‘ಊರಲ್ಲೇ ಎಷ್ಟೋ ಪೋಸ್ಟರ್ ಇಂಗ್ಲಿಷಲ್ಲಿ ಇರ್ತವೆ, ಇಲ್ಲಿ ಯಾರು ಓದ್ತಾರೆ?’ ಅಂದರು. ಮಿಸ್ಸಿಸಾಗದಲ್ಲಿ ಬೆಳೆದ, ಕನ್ನಡ ಓದಲು ಬಾರದ ಹುಡುಗಿ ಎದ್ದು ನಿಂತು ಹೇಳಿದ್ದು: ‘ನನಗೆ ಓದೋಕೆ ಬರಲ್ಲ, ಆದ್ರೆ ದೂರದಿಂದ ನೋಡಿದ್ರೆ ಇದು ನಮ್ದು ಅಂತ ಗೊತ್ತಾಗುತ್ತೆ. ಅಜ್ಜಿ ಕಳಿಸೋ ಚಟ್ನಿಪುಡಿ ಡಬ್ಬದ ಮೇಲೆ ಇದೇ ಥರ ಇರುತ್ತಲ್ಲ.’ ಆ ಮೇಲೆ ವಾದ ಮಾಡಲು ಯಾರಿಗೂ ಬಾಯಿ ಬರಲಿಲ್ಲ. ಕನ್ನಡ ದೊಡ್ಡದು, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಲಿಪಿ.

ದೊಡ್ಡದು ಅಂದ ಮಾತ್ರಕ್ಕೆ ಆಗಿಬಿಡಲ್ಲ. ‘ರಾತ್ರಿ’ಯ ಕೆಳಗೆ ರಕಾರದ ಒತ್ತು, ‘ಬಸ್ಸು’ವಿನ ಕೆಳಗೆ ಸಕಾರದ ಒತ್ತು. ಡಿಸೈನ್ ಮಾಡಿಕೊಟ್ಟ ಗೆಳೆಯನಿಗೆ ಕನ್ನಡ ಬರಲ್ಲ. ಅವನ ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಆಗಿರಲಿಲ್ಲ, ಹಾಗಾಗಿ ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ‘ರಾತ್‌ರಿ ಬಸ್‌ಸು’ ಅಂತ ನಿಂತಿತ್ತು. ಅವನ ಕಣ್ಣಿಗೆ ಸುಂದರ. ನಮ್ಮ ಕಣ್ಣಿಗೆ ಮೈಮೇಲೆ ಇರುವೆ ಹರಿದ ಹಾಗೆ. ಗೂಗಲ್‌ನ ಪುಕ್ಕಟೆ ಫಾಂಟುಗಳಲ್ಲಿ ಬಾಲೂ ತಮ್ಮ, ತಿರೋ ಕನ್ನಡ, ಹುಬ್ಬಳ್ಳಿ, ಬೆಣ್ಣೆ ಎಲ್ಲ ಹಾಕಿ ನೋಡಿದೆವು. (ಬೆಣ್ಣೆ ಅನ್ನೋ ಫಾಂಟ್ ನೋಡುವಾಗಲೇ ರಾತ್ರಿ ಹನ್ನೊಂದಕ್ಕೆ ದೋಸೆ ಆರ್ಡರ್ ಮಾಡಿದ್ದೂ ಆಯ್ತು.) ಯಾವುದೂ ಕೂರಲಿಲ್ಲ. ಕೊನೆಗೆ ನಮ್ಮಲ್ಲೊಬ್ಬರ ತಾಯಿ, ಇಪ್ಪತ್ತು ವರ್ಷದಿಂದ ಕನ್ನಡದಲ್ಲಿ ದಿನಸಿ ಚೀಟಿ ಬಿಟ್ಟು ಬೇರೇನೂ ಬರೆಯದವರು, ಮಾರ್ಕರ್ ತಗೊಂಡು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರು. ಹಿಂದೆ ಬೆಂಗಳೂರಿನ ಕೆ.ಜಿ. ರಸ್ತೆಯ ಥಿಯೇಟರ್‌ಗಳ ಮುಂದೆ ಅಕ್ಷರವನ್ನೂ ಮುಖವನ್ನೂ ಕೈಯಲ್ಲೇ ಬರೆದ ಬ್ಯಾನರ್‌ಗಳು, ಕಟೌಟ್‌ಗಳು ನಿಲ್ಲುತ್ತಿದ್ದವು. ಫ್ಲೆಕ್ಸ್ ಬಂದು ಆ ಕೈಗಳನ್ನೆಲ್ಲ ಮನೆಗೆ ಕಳಿಸಿತು. ಆ ಕಲಾವಿದರ ಜೊತೆ ಹೋಲಿಸಿಕೊಳ್ಳುವ ಧೈರ್ಯ ನಮಗಿಲ್ಲ. ಆದರೂ ಆ ‘ಬ’ದ ಹೊಟ್ಟೆ ಸ್ವಲ್ಪ ಓರೆಯಾಗಿದೆ, ಬಸ್ಸು ತಿರುವಿನಲ್ಲಿ ವಾಲಿದ ಹಾಗೆ. ಅದನ್ನು ಹಾಗೇ ಬಿಟ್ಟಿದ್ದೀವಿ.

ಇಷ್ಟೆಲ್ಲ ತೀರ್ಮಾನ ಆಗಿ, ಶನಿವಾರದ ಪಟ್ಟಿ ಹಾಕುವಾಗ ಹೀರೋ ಪಾತ್ರ ಮಾಡಿದವನು ಮೆಲ್ಲಗೆ ಹೇಳಿದ: ‘ಪೋಸ್ಟರ್‌ನಲ್ಲಿ ನನ್ನ ಮುಖ ಬೇಡ.’

ನಾಚಿಕೆ ಅಂದುಕೊಂಡೆವು. ಅಲ್ಲ. ಅವನೂ ರಾತ್ರಿ ಗೋದಾಮಿಗೇ ಹೋಗ್ತಾನೆ, ಸ್ಟಡಿ ಪರ್ಮಿಟ್ಟಿನ ವಾರಕ್ಕೆ 24 ಗಂಟೆ ಲೆಕ್ಕದೊಳಗೇ. ಮನೆಯಲ್ಲಿ ಮಾತ್ರ ‘ಲೈಬ್ರರಿಯಲ್ಲಿ ಕೆಲಸ’ ಅಂತ ಹೇಳಿದ್ದಾನೆ. ಕಥೆ ಬರೆದದ್ದು ನಾವು ಅಂತ ಹೆಮ್ಮೆ ಪಡ್ತಿದ್ದೆವಲ್ಲ, ಅರ್ಧ ಕಥೆ ಅವನು ಟೀ ಕುಡೀತಾ ಹೇಳಿದ್ದು. ‘ಸಿನಿಮಾ ಪರವಾಗಿಲ್ಲ. ಊರಲ್ಲಿ ಯಾರೂ ಕೂತು ನೋಡಲ್ಲ. ಪೋಸ್ಟರ್ ಹಂಗಲ್ಲ. ಒಂದು ಫಾರ್ವರ್ಡ್ ಸಾಕು, ಸಂಜೆಯೊಳಗೆ ಚಿಕ್ಕಪ್ಪ, ದೊಡ್ಡಪ್ಪ, ಸೊಸೈಟಿ ಕಾರ್ಯದರ್ಶಿ ಎಲ್ಲರ ಫೋನಿಗೆ ಬಂದಿರುತ್ತೆ. ಕೆಂಪು ಜಾಕೆಟ್, ಕೈಯಲ್ಲಿ ಸ್ಕ್ಯಾನರ್, ನಾನು. ಅಪ್ಪ ಇದಕ್ಕೇ ಜಮೀನು ಅಡ ಇಟ್ರಾ ಅಂತ ಕೇಳ್ತಾರೆ.’

ರೂಮಿನಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ‘ಅದು ಪಾತ್ರ, ನೀನಲ್ಲ ಅಂತ ಹೇಳು’ ಅಂದ ಒಬ್ಬ. ‘ಮುಖ ಇಲ್ಲದ ಪೋಸ್ಟರ್ ಯಾರು ನೋಡ್ತಾರೆ’ ಅಂದ ಇನ್ನೊಬ್ಬ. ‘ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೀಯಲ್ಲ’ ಅಂತ ನಮ್ಮಲ್ಲೇ ಒಬ್ಬರ ಬಾಯಿಂದ ಬಂದದ್ದೂ ನಿಜ. ಯಾರು ಅಂತ ಬರೆಯಲ್ಲ, ಅವರೂ ಈ ‘ನಾವು’ವಿನಲ್ಲಿದ್ದಾರೆ. ಸಹಿ ಹಾಕಿದ್ದ, ಸರಿ. ನಟಿಸೋಕೆ ಹಾಕಿದ್ದ. ತನ್ನ ಮುಖ ಒಂದು ಸುದ್ದಿಯಾಗಿ ಅಪ್ಪನ ಫೋನಿಗೆ ಹೋಗೋಕೆ ಅಂತ ಯಾವ ಫಾರ್ಮಿನಲ್ಲೂ ಬರೆದಿರಲಿಲ್ಲ.

ಇದರಲ್ಲಿ ನಮ್ಮ ಅಭಿಪ್ರಾಯ ನೇರ. ಸಿನಿಮಾ ನೋಡೋಕೆ ಜನ ಬರ್ತಾರೆ. ಪೋಸ್ಟರ್ ತಾನೇ ಜನರ ಹತ್ತಿರ ಹೋಗುತ್ತೆ, ಕತೆಯನ್ನು ಜೊತೆಗೆ ಒಯ್ಯದೆ. ಒಳಗೆ ಹದಿನಾಲ್ಕು ನಿಮಿಷ ಕೂತವರಿಗೆ ಆ ಹುಡುಗನ ಮೇಲೆ ಗೌರವ ಹುಟ್ಟಬಹುದು. ಬರೀ ಪೋಸ್ಟರ್ ನೋಡಿದವರಿಗೆ ಪೆಟ್ಟಿಗೆ ಹೊರುವ ಹುಡುಗ ಮಾತ್ರ ಕಾಣ್ತಾನೆ. ಹಾಗಾಗಿ ಮುಖದ ವಿಷಯದಲ್ಲಿ ಕೊನೆ ಮಾತು ಮುಖ ಇರುವವನದ್ದೇ, ನಿರ್ದೇಶಕರದ್ದಲ್ಲ, ಕಮಿಟಿಯದ್ದೂ ಅಲ್ಲ. ಅವನ ಕೆಲಸದಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅನ್ನೋದು ನಮಗೂ ಗೊತ್ತು, ಅವನಿಗೂ ಗೊತ್ತು. ಆದರೆ ಅದನ್ನು ಅವನ ಅಪ್ಪನಿಗೆ ತಿಳಿಸುವ ಕೆಲಸ ನಮ್ಮ ಪೋಸ್ಟರಿನದ್ದಲ್ಲ. ‘ಪರದೇಶದಲ್ಲಿ ಮಗ ಚೆನ್ನಾಗಿದ್ದಾನೆ’ ಅನ್ನುವ ಸುಳ್ಳಿನ ವಿರುದ್ಧ ಸಿನಿಮಾ ಮಾಡ್ತೀವಿ ಅಂತ ಹೊರಟವರು, ಆ ಸುಳ್ಳು ಹೇಳಲೇಬೇಕಾದ ಗೆಳೆಯನನ್ನು ಬೀದಿಗೆ ತರೋಕೆ ಹೊರಟಿದ್ದೆವು.

ಶನಿವಾರ ಶೂಟ್ ಮಾಡಿದೆವು. ನಾಲ್ಕೂವರೆಯಿಂದ ಐದೂವರೆ, ಆಕಾಶ ನೀಲಿಯಿಂದ ಕಪ್ಪಿಗೆ ತಿರುಗುವ ಆ ಒಂದು ಗಂಟೆ. ಚಳಿಗೆ ಬ್ಯಾಟರಿಗಳು ಬೇಗ ಸಾಯ್ತವೆ, ಅದಕ್ಕೆ ನಾಲ್ಕು ಬ್ಯಾಟರಿ ನಾಲ್ಕು ಜನರ ಒಳಜೇಬಿನಲ್ಲಿ ಕಾವು ತಗೊಳ್ತಿದ್ದವು. ಮುಗಿದ ಮೇಲೆ ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಒಳಗೆ ತಂದೆವು. ಇಲ್ಲದಿದ್ದರೆ ಬೆಚ್ಚಗಿನ ಗಾಳಿ ತಾಗಿ ಲೆನ್ಸಿನೊಳಗೆಲ್ಲ ನೀರು. ಫೋಟೋ ತೆಗೆದದ್ದು ಆ ಫೋಟೋಗ್ರಫಿ ಕ್ಲಬ್ಬಿನ ಹುಡುಗಿಯೇ. ಕರೆದ ಕೂಡಲೇ ಬಂದಳು, ಒಂದು ಮಾತೂ ಚುಚ್ಚಲಿಲ್ಲ. ಪೋಸ್ಟರ್‌ನಲ್ಲಿ ಈಗಿರೋದು ಗ್ಯಾರೇಜಿನ ಬಸ್ಸಿನ ಕಿಟಕಿ, ಹೊರಗಿನಿಂದ. ಗಾಜಿನ ಮೇಲೆ ಉಸಿರಿನ ಮಂಜು. ಮಂಜಿನ ಹಿಂದೆ ಒಂದು ತಲೆ, ಕಿವಿಗೆ ಹಿಡಿದ ಫೋನಿನ ಬೆಳಕು. ಅದು ಯಾರದ್ದೂ ಆಗಿರಬಹುದು. ಅಂಕಲ್ ಒಬ್ಬರು ನೋಡಿ, ‘ಏನೂ ಕಾಣಲ್ಲವಲ್ಲೋ’ ಅಂದರು. ನಮ್ಮ ತಂಡದ ಒಬ್ಬನಿಗೂ ಇನ್ನೂ ಅದೇ ಅಸಮಾಧಾನ: ‘ಮುಖ ಇದ್ದಿದ್ರೆ ಇನ್ನೂ ನಲವತ್ತು ಜನ ಬರ್ತಿದ್ರು.’ ಇರಬಹುದು.

ಟ್ರೈಲರ್ ಬಾಕಿ ಇದೆ. ಅದರಲ್ಲಿ ಮುಖ ಬಾರದ ಹಾಗೆ ಕತ್ತರಿಸಲು ಆಗ್ತಿಲ್ಲ; ‘ಊಟ ಆಯ್ತಾ’ ಕೇಳಿದ ಮೇಲೆ ಅವನ ಕಣ್ಣು ಕಾಣಲೇಬೇಕು, ಇಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಅವನಿಗೆ ಹೇಳಿದೆವು, ಬೇಡ ಅಂದ್ರೆ ಟ್ರೈಲರ್ರೇ ಬಿಡಲ್ಲ, ಪೋಸ್ಟರ್ ಸಾಕು. ಅವನು ಎರಡು ದಿನ ಟೈಮ್ ಕೇಳಿದ. ಮೊನ್ನೆ ಬಂದು ಐವತ್ತು ಸೆಕೆಂಡಿನ ಫೈಲನ್ನು ತನ್ನ ಫೋನಿಗೆ ಹಾಕಿಸಿಕೊಂಡು ಹೋದ. ‘ಅಪ್ಪನಿಗೆ ಬೇಡ, ಮೊದ್ಲು ಅಮ್ಮನಿಗೆ ತೋರಿಸ್ತೀನಿ. ಮಧ್ಯಾಹ್ನ ಅವ್ರೊಬ್ರೇ ಇರ್ತಾರೆ’ ಅಂದ. ಅಲ್ಲಿ ಮಧ್ಯಾಹ್ನ ಅಂದ್ರೆ ಇಲ್ಲಿ ರಾತ್ರಿ ಎರಡು. ಈ ಬರಹ ಸಂಪಾದಕರಿಗೆ ಕಳಿಸುವ ಹೊತ್ತಿಗೆ ಅವನಿಂದ ಇನ್ನೂ ಮೆಸೇಜ್ ಬಂದಿಲ್ಲ.